ರಸ್ತೆ ಹರಿಯುವ ಬಗೆ

ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಹಳಗನ್ನಡ, ನಡುಗನ್ನಡಗಳ ಪಾಠ ಹೇಳಿ ನಿವೃತ್ತನಾದವನು ರಸ್ತೆಗೆ ಹಾಕುವ ಟಾರಿನ ವಿಷಯ ಮಾತನಾಡಲು ಕುಳಿತರೆ ಕೇಳುವವರಿಗೆ ವಿಚಿತ್ರವೆನಿಸುವುದು ಸಹಜ. 2013ರ ಮಳೆಗಾಲದ ಒಂದು ಸಂಜೆಯವರೆಗೆ ನನಗೂ ಹಾಗೆಯೇ ಅನಿಸುತ್ತಿತ್ತು. ಅಂದು ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಸ್ಕೂಟರಿನಲ್ಲಿ ಬರುತ್ತಿದ್ದೆ. ದಾರಿಯಲ್ಲಿ ಒಂದು ರೈಲ್ವೆ ಗೇಟಿನ ಬಳಿ, ಲಾರಿಗಳು ಸಾಲುಗಟ್ಟಿ ನಿಲ್ಲುವ ಜಾಗದಲ್ಲಿ, ಚಕ್ರಗಳ ಜಾಡು ಹಿಡಿದು ರಸ್ತೆ ಎರಡು ಕಾಲುವೆಗಳಂತೆ ತಗ್ಗಾಗಿತ್ತು. ಅದರ ತುಂಬ ಮಳೆಯ ನೀರು. ತಗ್ಗಿನ ಅಂಚನ್ನು ಏರಹೊರಟ ಮುಂದಿನ ಚಕ್ರ ಏರಲಿಲ್ಲ, ನಾನು ಬಿದ್ದೆ. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಹಿಂದೆ ಬರುತ್ತಿದ್ದ ಲಾರಿಯ ಡ್ರೈವರು ಎಚ್ಚರವಾಗಿದ್ದುದರಿಂದ ಅಷ್ಟಕ್ಕೇ ಮುಗಿಯಿತು. ಅದೇ ತಗ್ಗಿನಲ್ಲಿ ಬಿದ್ದ ಎಲ್ಲರಿಗೂ ಅಷ್ಟಕ್ಕೇ ಮುಗಿದಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಕೈಗೆ ಪಟ್ಟಿ ಹಾಕಿಸಿಕೊಂಡು ಮನೆಯಲ್ಲಿ ಕುಳಿತಿದ್ದಾಗ ನೋಡಲು ಬಂದವರಲ್ಲಿ ನನ್ನ ಹಳೆಯ ಶಿಷ್ಯನೊಬ್ಬನಿದ್ದ. ಪಿಯುಸಿಯಲ್ಲಿ ನನ್ನಿಂದ ಕನ್ನಡ ಓದಿ, ಮುಂದೆ ರಸ್ತೆ ಕೆಲಸದ ಎಂಜಿನಿಯರಾದವನು. “ಅಷ್ಟು ಗಟ್ಟಿ ರಸ್ತೆ ಹೇಗಯ್ಯ ಹಾಗೆ ಸವೆಯಿತು?” ಎಂದು ಕೇಳಿದೆ. “ಸವೆದಿಲ್ಲ ಸಾರ್, ಹರಿದಿದೆ” ಎಂದ. ನಾನು ಅಭ್ಯಾಸಬಲದಿಂದ, “ಹರಿದಿದೆ ಎಂದರೆ ಬಟ್ಟೆ ಹರಿದ ಹಾಗೋ, ನೀರು ಹರಿದ ಹಾಗೋ?” ಎಂದೆ. ಅವನು ನಗಲಿಲ್ಲ. “ಅಲ್ಲಿ ನೀರು ಹರಿದ ಹಾಗೆ ಸಾರ್. ಬೇರೆ ಕಡೆ ಬಟ್ಟೆ ಹರಿದ ಹಾಗೆ. ಎರಡಕ್ಕೂ ಮೂಲ ಒಂದೇ” ಎಂದ. ಆ ಮಾತಿನ ಬೆನ್ನು ಹತ್ತಿ, ಅವನಿಂದ ಪುಸ್ತಕಗಳನ್ನು ತರಿಸಿಕೊಂಡು ನಾನು ಓದಿ ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನಿಜವಾಗಿ ನೋಡಿದರೆ ಈ ಪಾಠದ ಮೊದಲ ಪುಟವನ್ನು ನಾನು ಏಳೆಂಟು ವರ್ಷದವನಿದ್ದಾಗಲೇ ಓದಿದ್ದೆ. ಅರ್ಥವಾಗಿರಲಿಲ್ಲ, ಅಷ್ಟೆ. 1960ರ ದಶಕದ ಕೊನೆಯಲ್ಲಿ ಹೊಳಲ್ಕೆರೆಯ ನಮ್ಮ ಮನೆಯ ಮುಂದಿನ ರಸ್ತೆಗೆ ಟಾರು ಹಾಕಿದರು. ಪೀಪಾಯಿಗಳ ಕೆಳಗೆ ಸೌದೆಯ ಬೆಂಕಿ. ಕಾಲಿಗೆ ಗೋಣಿತಾಟು ಸುತ್ತಿಕೊಂಡು ಜಲ್ಲಿ ಎರಚುವ ಹೆಂಗಸರು. ಹಿಂದೆ ಮುಂದೆ ಹೊರಳುವ ರೋಲರು. ಊರಿನ ಮಕ್ಕಳೆಲ್ಲ ಅಲ್ಲಿ. ಪೀಪಾಯಿಯಿಂದ ಚೆಲ್ಲಿ ಆರಿದ ಟಾರನ್ನು ಕಿತ್ತು ನಾನೊಂದು ಉಂಡೆ ಮಾಡಿದೆ, ನಿಂಬೆಹಣ್ಣಿನ ಗಾತ್ರದ್ದು. ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮಲಗಿದೆ. ಬೆಳಗ್ಗೆ ನೋಡುತ್ತೇನೆ, ಉಂಡೆಯಿಲ್ಲ. ಕಟ್ಟೆಗೆ ಅಂಟಿಕೊಂಡು ಸಣ್ಣ ದೋಸೆಯೊಂದು ಕುಳಿತಿದೆ. ಯಾರೂ ಅದನ್ನು ಮುಟ್ಟಿರಲಿಲ್ಲ. ಕೋಪದಿಂದ ಅದನ್ನು ಕೆರೆದು ತೆಗೆದು ಚಪ್ಪಡಿಯ ಮೇಲಿಟ್ಟು ಕಲ್ಲಿನಿಂದ ಜಜ್ಜಿದೆ, ಗಾಜಿನಂತೆ ಚೂರುಚೂರಾಯಿತು. ರಾತ್ರಿಯೆಲ್ಲ ನೀರಿನಂತೆ ನಡೆದುಕೊಂಡ ವಸ್ತು ಬೆಳಗ್ಗೆ ಒಂದು ಕ್ಷಣದಲ್ಲಿ ಗಾಜಿನಂತೆ ನಡೆದುಕೊಂಡಿತು. ಟಾರಿನ ಗುಟ್ಟೆಲ್ಲ ಇಷ್ಟೇ. ಅದು ಘನವೋ ದ್ರವವೋ ಎಂದು ಕೇಳುವುದೇ ತಪ್ಪು. ಎಷ್ಟು ಬಿಸಿಯಿದೆ, ಎಷ್ಟು ಹೊತ್ತು ಒತ್ತುತ್ತೀರಿ ಎಂಬುದರ ಮೇಲೆ ಅದು ತನ್ನ ಸ್ವಭಾವವನ್ನು ತೋರಿಸುತ್ತದೆ.

ನನ್ನ ಕಿಟಕಿಯ ಕಟ್ಟೆಯ ಪ್ರಯೋಗವನ್ನೇ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ, ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಥಾಮಸ್ ಪಾರ್ನೆಲ್ ಎಂಬ ಪ್ರಾಧ್ಯಾಪಕರು 1927ರಲ್ಲಿಯೇ ಶಾಸ್ತ್ರೋಕ್ತವಾಗಿ ಆರಂಭಿಸಿದ್ದರು. ಟಾರಿನ ದಾಯಾದಿಯಾದ ಪಿಚ್ ಎಂಬ ಪದಾರ್ಥವನ್ನು ಕಾಯಿಸಿ ಗಾಜಿನ ಆಲಿಕೆಗೆ ಹೊಯ್ದು, ಮೂರು ವರ್ಷ ಅದನ್ನು ತಣ್ಣಗೆ ಕೂರಲು ಬಿಟ್ಟು, 1930ರಲ್ಲಿ ಆಲಿಕೆಯ ತುದಿಯನ್ನು ಕತ್ತರಿಸಿದರು. 2014ರವರೆಗಿನ ಎಂಬತ್ತನಾಲ್ಕು ವರ್ಷಗಳಲ್ಲಿ ಬಿದ್ದದ್ದು ಒಂಬತ್ತು ಹನಿ! ಐವತ್ತು ವರ್ಷ ಅದನ್ನು ಕಾದ ಜಾನ್ ಮೇನ್‌ಸ್ಟೋನ್ ಎಂಬವರು ಒಂದು ಹನಿ ಬೀಳುವುದನ್ನೂ ಕಣ್ಣಾರೆ ಕಾಣಲಿಲ್ಲ. 1988ರಲ್ಲಿ ಏನೋ ಕುಡಿಯಲು ಆಚೆಗೆ ಹೋದರು, ಹನಿ ಬಿತ್ತು; 2000ದಲ್ಲಿ ಕ್ಯಾಮೆರಾ ಇಟ್ಟರು, ಅದು ಕೆಟ್ಟಿತು; 2013ರಲ್ಲಿ ಅವರೇ ತೀರಿಕೊಂಡರು, ಮರುವರ್ಷ ಒಂಬತ್ತನೆಯ ಹನಿ ಬಿತ್ತು. ಸುತ್ತಿಗೆಯಿಂದ ಹೊಡೆದರೆ ಪುಡಿಯಾಗುವ ವಸ್ತು ಇದು.

ದೂರದ ಬ್ರಿಸ್ಬೇನೇಕೆ? ಚಿತ್ರದುರ್ಗಕ್ಕೂ ಹಿರಿಯೂರಿಗೂ ನಡುವೆ ಮರಡಿಹಳ್ಳಿಯ ಬಳಿ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತಿರುವ ಬಂಡೆಗಳಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ ಹರಿಯುತ್ತ ಹರಿಯುತ್ತಲೇ ತಣಿದು ಗಟ್ಟಿಯಾದ ಗುರುತು ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು 1976ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ನಮ್ಮ ನೆಲದ ಕಲ್ಲೇ ಒಮ್ಮೆ ಹರಿದ ಕಲ್ಲು. ಆ ದಿಂಬುಗಳನ್ನು ನೋಡಿದ ಮೇಲೆ ರಸ್ತೆ ಹರಿಯುತ್ತದೆಂದರೆ ನನಗೆ ಅಷ್ಟೇನೂ ಆಶ್ಚರ್ಯವಾಗುತ್ತಿಲ್ಲ.

ಇನ್ನು ಹೆಸರಿನ ವಿಚಾರ. ನಾವು ಟಾರು, ಡಾಂಬರು ಎನ್ನುತ್ತೇವೆ. ಮರಾಠಿಯಲ್ಲಿಯೂ ಅದು ಡಾಂಬರ್. ಮಲಯ ಭಾಷೆಯಲ್ಲಿ ದಮರ್ ಎಂದರೆ ಮರದ ರಾಳ. ಟಾರೆಂಬುದು ಕಲ್ಲಿದ್ದಲಿನಿಂದ ಬರುವ ವಸ್ತುವಿನ ಹೆಸರು. ಇಂದು ರಸ್ತೆಗೆ ಹಾಕುವುದು ಬಿಟುಮೆನ್, ಎಂದರೆ ಕಚ್ಚಾ ತೈಲದಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ಲುಗಳನ್ನೆಲ್ಲ ಇಳಿಸಿಕೊಂಡ ಮೇಲೆ ತಳದಲ್ಲಿ ಉಳಿಯುವ ಶೇಷ. ಮಂಗಳೂರಿನ ತೈಲ ಸಂಸ್ಕರಣಾಗಾರದಲ್ಲಿಯೂ ಅದು ತಯಾರಾಗುತ್ತದೆ. ಆದರೂ ರೂಢಿಯ ಮಾತನ್ನು ಬಿಡಬೇಕಾದ್ದಿಲ್ಲ, ಟಾರೆಂದೇ ಕರೆಯೋಣ.

ಅದು ಹರಿಯಲು ಒಡ್ಡುವ ತಡೆಗೆ ನಮ್ಮ ವಿಜ್ಞಾನದ ಪಠ್ಯಪುಸ್ತಕಗಳು ‘ಸ್ನಿಗ್ಧತೆ’ ಎಂಬ ಮಾತನ್ನು ಬಳಸುತ್ತವೆ. ಆ ಮಾತನ್ನು ಮೊದಲು ಟಂಕಿಸಿದವರಿಗೆ ನನ್ನ ನಮಸ್ಕಾರ. ಸ್ನಿಗ್ಧ, ಸ್ನೇಹ ಎರಡೂ ಒಂದೇ ಧಾತುವಿನವು. ಸಂಸ್ಕೃತದಲ್ಲಿ ಸ್ನೇಹವೆಂದರೆ ಗೆಳೆತನವೂ ಹೌದು, ಎಣ್ಣೆಯೂ ಹೌದು. ಆಯುರ್ವೇದದ ಪಂಡಿತರು ಇಂದಿಗೂ ಎಣ್ಣೆ ತುಪ್ಪಗಳನ್ನು ಸ್ನೇಹದ್ರವ್ಯಗಳೆನ್ನುತ್ತಾರೆ. ಪದರಕ್ಕೆ ಪದರ ಅಂಟಿಕೊಂಡು, ಬಿಟ್ಟು ಜಾರಲು ಒಲ್ಲೆನೆನ್ನುವ ಗುಣಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಸಿಕ್ಕುವುದು ಕಷ್ಟ. ಅದನ್ನು ಅಳೆಯುವ ಮಾನಕ್ಕೆ ಪಾಯ್ಸ್ ಎಂದು ಹೆಸರು. ಸಣ್ಣ ನಾಳಗಳಲ್ಲಿ ದ್ರವ ಹರಿಯುವ ಬಗೆಯನ್ನು ಅಳೆದ ಪ್ವಾಸೆಯ್ ಎಂಬ ಫ್ರೆಂಚ್ ವೈದ್ಯನ ನೆನಪಿಗೆ ಇಟ್ಟದ್ದು. ಸಾಧಾರಣ ಹವೆಯಲ್ಲಿ ನೀರಿನ ಸ್ನಿಗ್ಧತೆ ಒಂದು ಪಾಯ್ಸಿನ ನೂರನೆಯ ಒಂದು ಪಾಲು. ಹರಳೆಣ್ಣೆಯದು ಸುಮಾರು ಹತ್ತು ಪಾಯ್ಸ್. ನಮ್ಮ ರಸ್ತೆಗಳಿಗೆ ಹೆಚ್ಚಾಗಿ ಬಳಸುವ ಟಾರಿನದು 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 2400ರಿಂದ 3600 ಪಾಯ್ಸ್. ಅದನ್ನೇ 135 ಡಿಗ್ರಿಗೆ ಕಾಯಿಸಿದರೆ ಮೂರು ನಾಲ್ಕು ಪಾಯ್ಸಿಗೆ ಇಳಿದು ಹರಳೆಣ್ಣೆಗಿಂತ ತೆಳ್ಳಗಾಗುತ್ತದೆ. ಎಪ್ಪತ್ತೈದು ಡಿಗ್ರಿಯ ಅಂತರದಲ್ಲಿ ಏಳುನೂರು ಪಟ್ಟು, ಅದಕ್ಕೂ ಹೆಚ್ಚಿನ ವ್ಯತ್ಯಾಸ.

ಹೊಸದುರ್ಗದ ತೆಂಗಿನ ಸೀಮೆಯವರು ಇಲ್ಲಿ ಒಂದು ಮಾತು ಎತ್ತಬಹುದು: ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆಯೂ ಗಟ್ಟಿಯಾಗುತ್ತದಲ್ಲ, ಇದೂ ಹಾಗೆಯೇ ತಾನೆ? ಅಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ, ಅದಕ್ಕೊಂದು ಗಡಿಯುಂಟು. ಟಾರಿಗೆ ಅಂಥ ಗಡಿಯಿಲ್ಲ. ಅದು ಕರಗುವುದೂ ಇಲ್ಲ, ಹೆಪ್ಪುಗಟ್ಟುವುದೂ ಇಲ್ಲ; ಮೆತ್ತಗಾಗುತ್ತ ಹೋಗುತ್ತದೆ, ಬಿಗಿಯಾಗುತ್ತ ಹೋಗುತ್ತದೆ. ಪ್ರಯೋಗಶಾಲೆಯಲ್ಲಿ ಹಿತ್ತಾಳೆಯ ಬಳೆಯೊಳಗೆ ಟಾರಿನ ಬಿಲ್ಲೆ ಹಾಕಿ, ಮೇಲೆ ಉಕ್ಕಿನ ಗುಂಡಿಟ್ಟು, ನಿಮಿಷಕ್ಕೆ ಐದು ಡಿಗ್ರಿಯಂತೆ ಕಾಯಿಸಿ, ಗುಂಡು 25 ಮಿಲಿಮೀಟರು ಕೆಳಗಿಳಿದ ಬಿಸಿಯನ್ನು ಟಾರು ‘ಮೆತ್ತಗಾಗುವ ಬಿಂದು’ ಎಂದು ಬರೆದುಕೊಳ್ಳುತ್ತಾರೆ. ಅದು ನಮ್ಮ ಅನುಕೂಲಕ್ಕೆ ನಾವು ಎಳೆದ ಗೆರೆಯೇ ಹೊರತು ಟಾರು ಎಳೆದದ್ದಲ್ಲ.

ಗೆರೆಗಳ ವಿಷಯದಲ್ಲಿ ಬಹುಕಾಲ ಒಂದು ಮೋಸ ನಡೆದಿತ್ತು. ಆದಿಯಲ್ಲಿ ಪಳಗಿದವರು ಟಾರನ್ನು ಹಲ್ಲಿನಲ್ಲಿ ಅಗಿದು ನೋಡಿ ಗುಣ ಹೇಳುತ್ತಿದ್ದರಂತೆ. ಆಮೇಲೆ ಸೂಜಿ ಬಂತು. 25 ಡಿಗ್ರಿಯಲ್ಲಿರುವ ಟಾರಿನ ಮೇಲೆ ನೂರು ಗ್ರಾಂ ಭಾರದ ಸೂಜಿಯನ್ನು ಐದು ಸೆಕೆಂಡು ಬಿಡುವುದು. ಮಿಲಿಮೀಟರಿನ ಹತ್ತನೆಯ ಪಾಲುಗಳಲ್ಲಿ ಅದು ಎಷ್ಟು ಇಳಿಯಿತೆಂದು ಎಣಿಸುವುದು. 80ರಿಂದ 100 ಇಳಿದರೆ 80/100 ದರ್ಜೆ, 60ರಿಂದ 70 ಇಳಿದರೆ 60/70 ದರ್ಜೆ. ನಮ್ಮ ದೇಶದ ರಸ್ತೆಗಳೆಲ್ಲ ದಶಕಗಟ್ಟಲೆ ಈ ಸೂಜಿಯ ಮಾತನ್ನು ನಂಬಿಯೇ ಆದುವು. ಆದರೆ 25 ಡಿಗ್ರಿ ಎಂಬುದು ಹಿತವಾದ ಬೆಳಗಿನ ಹವೆ. ಹಿರಿಯೂರಿನ ಏಪ್ರಿಲ್ ಮಧ್ಯಾಹ್ನ ಗಾಳಿಯ ಬಿಸಿ ನಲವತ್ತರ ಹತ್ತಿರ ಬಂದಾಗ ಕರಿಯ ರಸ್ತೆಯ ಮೈ ಅರವತ್ತನ್ನು ಮುಟ್ಟುತ್ತದೆ. ಎರಡು ಊರಿನ ಕಚ್ಚಾ ತೈಲದಿಂದ ಬಂದ ಎರಡು ಟಾರುಗಳು 25 ಡಿಗ್ರಿಯಲ್ಲಿ ಸೂಜಿಗೆ ಒಂದೇ ಉತ್ತರ ಕೊಟ್ಟು, 60ರಲ್ಲಿ ಒಂದು ಗಟ್ಟಿಯಾಗಿ ನಿಂತು ಇನ್ನೊಂದು ಅರ್ಧಕ್ಕರ್ಧ ತೆಳ್ಳಗಾಗಿಬಿಡಬಹುದು. ತಂಪು ಹೊತ್ತಿನಲ್ಲಿ ಭೇಟಿಯಾದವರೆಲ್ಲ ಸಮಾಧಾನಿಗಳಂತೆಯೇ ಕಾಣುತ್ತಾರಲ್ಲವೆ? 2006ರಲ್ಲಿ ಭಾರತೀಯ ಮಾನಕ ಸಂಸ್ಥೆ ಟಾರಿನ ತನ್ನ 73ನೆಯ ಮಾನಕವನ್ನು ಪರಿಷ್ಕರಿಸಿ, ಸೂಜಿಯ ದರ್ಜೆಗಳನ್ನು ಬಿಟ್ಟು, 60 ಡಿಗ್ರಿಯಲ್ಲಿನ ಸ್ನಿಗ್ಧತೆಯ ಮೇಲೆಯೇ ದರ್ಜೆಗಳನ್ನು ಕಟ್ಟಿತು: ವಿಜಿ 10, 20, 30, 40. ಅಂಕಿ ಹೆಚ್ಚಾದಷ್ಟೂ ಬಿಸಿಲಿನಲ್ಲಿ ಹರಿಯಲು ಒಲ್ಲದ ಟಾರು. ನಾನು ಮೊದಲು ಹೇಳಿದ 2400 ಪಾಯ್ಸಿನದು ವಿಜಿ 30. ಹಳೆಯ 80/100ಕ್ಕೆ ಹತ್ತಿರದ ವಿಜಿ 10ರ ಸ್ನಿಗ್ಧತೆ ಅದರ ಮೂರನೆಯ ಒಂದು ಪಾಲು. ಮಾನಕ ಬದಲಾದರೂ ಟೆಂಡರಿನ ಕಾಗದಗಳಲ್ಲಿ ಹಳೆಯ ದರ್ಜೆಗಳು ಇನ್ನೂ ಕೆಲವು ವರ್ಷ ಇಣುಕುತ್ತಿದ್ದುವೆಂದು ನನ್ನ ಶಿಷ್ಯ ಹೇಳುತ್ತಾನೆ. ವ್ಯಾಕರಣ ಬದಲಾದರೂ ಹಳೆಯ ಕಾಗುಣಿತವನ್ನೇ ಬರೆಯುವ ಮೇಷ್ಟ್ರುಗಳಂತೆ.

ಈ ಸ್ನಿಗ್ಧತೆ ರಸ್ತೆಯ ಒಳಗೆ ಏನು ಮಾಡುತ್ತದೆ ಎಂಬುದನ್ನು ನೋಡೋಣ. ರಸ್ತೆಯ ಮೇಲ್ಪದರದಲ್ಲಿ ನೂರಕ್ಕೆ ತೊಂಬತ್ತೈದು ಪಾಲು ತೂಕ ಜಲ್ಲಿ, ಕಲ್ಲುಪುಡಿಗಳದು. ಟಾರು ಐದು ಪಾಲಿನಷ್ಟು. ಆ ಐದು ಪಾಲು ಪ್ರತಿಯೊಂದು ಕಲ್ಲಿನ ಮೈಗೂ ಕೂದಲೆಳೆಗಿಂತ ತೆಳುವಾದ ಪೊರೆಯಾಗಿ ಹರಡಬೇಕು. ಚಿತ್ರದುರ್ಗದ ಕೋಟೆಯ ಗೋಡೆಗಳಲ್ಲಿ ಗಾರೆಯಿಲ್ಲ. ಕಲ್ಲು ಕಲ್ಲಿನ ಮೇಲೆ ತನ್ನ ತೂಕದಿಂದಲೇ ಕುಳಿತಿದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಸ್ಕಾಟ್ಲೆಂಡಿನ ಮೆಕಾಡಮ್ ರೂಢಿಗೆ ತಂದ ಜಲ್ಲಿ ರಸ್ತೆಯೂ ಹಾಗೆಯೇ ಇತ್ತು. ಎತ್ತಿನ ಗಾಡಿ, ಕುದುರೆ ಗಾಡಿಗೆ ಸಾಕಾಗಿತ್ತು. ಗಾಳಿಚಕ್ರದ ಮೋಟಾರು ಓಡತೊಡಗಿದಾಗ ಪುಡಿಯೆಲ್ಲ ಧೂಳಾಗಿ ಎದ್ದುಹೋಗಿ ಕಲ್ಲುಗಳು ಸಡಿಲವಾದುವು, ಬಂಧಕ ಬೇಕಾಯಿತು.

ಬಂಧಕ ಹರಡಬೇಕಾದರೆ ಮೊದಲು ತೆಳ್ಳಗಾಗಬೇಕು. ನಮ್ಮ ತಾಯಿ ಕಡಲೆಬೀಜದ ಚಿಕ್ಕಿ ಮಾಡುತ್ತಿದ್ದುದನ್ನು ನೆನೆಯಿರಿ ಎಂದರೆ ನಿಮಗೆ ನಿಮ್ಮ ತಾಯಿಯ ನೆನಪಾದೀತು. ಬೆಲ್ಲದ ಪಾಕ ಎಳಸಾದರೆ ಚಿಕ್ಕಿ ಮೆತ್ತಗೆ ಕೈಗಂಟುತ್ತದೆ. ಮಿತಿಮೀರಿ ಕಾದರೆ ಕಹಿಯಾಗಿ ಪುಡಿಯಾಗುತ್ತದೆ. ಸರಿಯಾದ ಪಾಕಕ್ಕೆ ಬೀಜ ಹಾಕಿದ ಮೇಲೂ ಆರುವುದರೊಳಗೆ ಲಟ್ಟಿಸದಿದ್ದರೆ ಒಳಗೆ ಪೊಳ್ಳು ಉಳಿಯುತ್ತದೆ. ಟಾರಿನ ಪಾಕಶಾಸ್ತ್ರವೂ ಇದೇ. ವಿಜಿ 30 ಟಾರನ್ನು 150ರಿಂದ 165 ಡಿಗ್ರಿಯೊಳಗೆ ಕಾಯಿಸಿ, ಅಷ್ಟೇ ಬಿಸಿಯಾದ ಜಲ್ಲಿಗೆ ಬೆರೆಸಬೇಕು. ಹರಡುವಾಗ 140ಕ್ಕಿಂತ ಇಳಿದಿರಬಾರದು. 90ಕ್ಕೆ ಇಳಿಯುವುದರೊಳಗೆ ರೋಲರಿನ ಕೆಲಸ ಮುಗಿದಿರಬೇಕು. ಆಮೇಲೆ ಎಷ್ಟು ಉರುಳಿದರೂ ಕಲ್ಲು ಕಲ್ಲಿನ ಹತ್ತಿರ ಸರಿಯಲು ಟಾರು ಬಿಡುವುದಿಲ್ಲ. ನಮ್ಮದು ಗಾಳಿಯ ಸೀಮೆ. ಇಲ್ಲಿ ಗುಡ್ಡದ ನೆತ್ತಿಗಳಲ್ಲಿ ಗಾಳಿಯಂತ್ರಗಳನ್ನು ನೆಟ್ಟಿರುವುದು ಸುಮ್ಮನಲ್ಲ. ಒಂದಂಗುಲ ದಪ್ಪದ ಪದರ ಆ ಗಾಳಿಗೆ ನೋಡುನೋಡುತ್ತಲೇ ಆರಿಹೋಗುತ್ತದೆ. ಮಿಶ್ರಣದ ಯಂತ್ರ ದೂರವಿದ್ದು ಲಾರಿಗೆ ತಾಡಪಾಲು ಹೊದಿಸದಿದ್ದರೆ ದಾರಿಯಲ್ಲಿಯೇ ಅರ್ಧ ಕೆಟ್ಟಿರುತ್ತದೆ.

ಆಗ ಕೆಲಸಗಾರರಿಗೆ ಹೊಳೆಯುವ ಸುಲಭೋಪಾಯವೆಂದರೆ ಮೊದಲೇ ಇನ್ನಷ್ಟು ಕಾಯಿಸಿಬಿಡುವುದು. ಟಾರು ಚೆನ್ನಾಗಿ ಹರಿಯುತ್ತದೆ, ಕೆಲಸ ಬೇಗ ಸಾಗುತ್ತದೆ, ಹೊಸ ರಸ್ತೆ ಕಪ್ಪಗೆ ಮಿರುಗುತ್ತದೆ. ಆದರೆ ಮಿತಿಮೀರಿ ಕಾದ ತೆಳುಪೊರೆಯನ್ನು ಗಾಳಿಯ ಆಮ್ಲಜನಕ ಕೂಡಲೇ ಕಚ್ಚುತ್ತದೆ. ಟಾರಿನಲ್ಲಿರುವ ಎಣ್ಣೆಯಂಥ ಅಂಶ ಕುಗ್ಗಿ, ಆಸ್ಫಾಲ್ಟೀನ್ ಎಂಬ ಭಾರವಾದ ಅಂಶ ಹೆಚ್ಚುತ್ತದೆ. ಹತ್ತು ವರ್ಷದ ಬಿಸಿಲಿನಲ್ಲಿ ಬರಬೇಕಾದ ಮುಪ್ಪಿನ ಬಹುಪಾಲು ಆ ಒಂದು ಮಧ್ಯಾಹ್ನ ಪೀಪಾಯಿಯಲ್ಲಿಯೇ ಬಂದಿರುತ್ತದೆ. ಮಾನಕದಲ್ಲಿ ಇದಕ್ಕೂ ಪರೀಕ್ಷೆಯುಂಟು: ತೆಳುಪೊರೆಯಾಗಿ ಹರಡಿದ ಟಾರನ್ನು 163 ಡಿಗ್ರಿಯ ಒಲೆಯಲ್ಲಿಟ್ಟು ತೆಗೆದ ಮೇಲೆ ಅದರ ಸ್ನಿಗ್ಧತೆ ಮೊದಲಿನ ನಾಲ್ಕು ಪಟ್ಟನ್ನು ಮೀರಬಾರದು. ಪ್ರಯೋಗಶಾಲೆಯಲ್ಲಿ ತೇರ್ಗಡೆಯಾದ ಟಾರನ್ನು ರಸ್ತೆಯ ಬದಿಯಲ್ಲಿ ಉಷ್ಣಮಾಪಕವಿಲ್ಲದೆ ಕಾಯಿಸಿದರೆ ಆ ಪ್ರಮಾಣಪತ್ರಕ್ಕೆ ಬೆಲೆಯೇನು? ನೀಲಿ ಹೊಗೆ ಏಳುತ್ತಿದೆಯೆಂದರೆ ಟಾರು ಸುಡುತ್ತಿದೆಯೆಂದೇ ಅರ್ಥ. ದಾರಿಯಲ್ಲಿ ಹೋಗುವವರೂ ನಿಂತು ನೋಡಬಹುದಾದ ಪರೀಕ್ಷೆ ಅದು. ನಾನೀಗ ನಿಂತು ನೋಡುತ್ತೇನೆ, ಮನೆಯವರಿಗೆ ಬೇಸರವಾದರೂ.

ಇಂಥ ಅಕಾಲವೃದ್ಧ ಟಾರೇ ಬಟ್ಟೆ ಹರಿದ ಹಾಗೆ ಹರಿಯುವುದು. ನಮ್ಮಲ್ಲಿ ಹಿಮ ಬೀಳುವುದಿಲ್ಲ. ನಮ್ಮ ರಸ್ತೆಗಳನ್ನು ಸೀಳುವುದು ಚಳಿಯಲ್ಲ, ಮುಪ್ಪು. ಪ್ರತಿ ಲಾರಿ ಹಾದಾಗಲೂ ರಸ್ತೆ ಎಳ್ಳಷ್ಟು ಬಾಗಿ ಏಳುತ್ತದೆ. ಎಳೆಯ ಟಾರು ಆ ಬಾಗುವಿಕೆಯನ್ನು ಹರಿದು ಸಹಿಸುತ್ತದೆ. ಮುದಿ ಟಾರು ಬಿರಿಯುತ್ತದೆ. ಮೊದಲು ಮೊಸಳೆಯ ಚರ್ಮದಂಥ ಗೆರೆಗಳು, ಆಮೇಲೆ ಅದರೊಳಗೆ ನೀರು, ಆಮೇಲೆ ಗುಂಡಿ. ಕಲ್ಲಿನ ಜಾತಿಯೂ ಇಲ್ಲಿ ಮುಖ್ಯ. ನಮ್ಮ ಬಿಳಿ ಗ್ರಾನೈಟಿನಂಥ ಸಿಲಿಕ ಹೆಚ್ಚಿರುವ ಕಲ್ಲಿಗೆ ಟಾರಿಗಿಂತ ನೀರಿನ ಮೇಲೆ ಒಲವು ಹೆಚ್ಚು. ಸಂದು ಸಿಕ್ಕರೆ ನೀರು ಟಾರಿನ ಪೊರೆಯನ್ನು ಸುಲಿದು ತಾನು ಕುಳಿತುಕೊಳ್ಳುತ್ತದೆ. ಮಳೆ ಕಡಿಮೆಯ ಜಿಲ್ಲೆಯೆಂದು ನಾವು ಇದನ್ನು ಮರೆತಿರುತ್ತೇವೆ. 1933ರಲ್ಲಿ ಕೋಡಿ ಹರಿದಿದ್ದ ವಾಣಿವಿಲಾಸ ಸಾಗರ 89 ವರ್ಷಗಳ ಮೇಲೆ 2022ರಲ್ಲಿ ಮತ್ತೆ ಕೋಡಿ ಹರಿದಾಗ ನಾವೆಲ್ಲ ನೋಡಲು ಹೋದೆವು. ಹೋದ ದಾರಿಯ ಗುಂಡಿಗಳನ್ನು ನಾನು ಎಣಿಸುತ್ತ ಹೋದೆ. ಅಷ್ಟು ನೀರನ್ನು ಎಣಿಸಿ ಯಾರೂ ಆ ರಸ್ತೆಯನ್ನು ಮಾಡಿರಲಿಲ್ಲ. ಮದುರೆಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್ ಅವರು, ಬಿಸಿ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಕಸದ ಚೂರುಗಳನ್ನು ಎರಚಿ ಮೊದಲೊಂದು ಪೊರೆ ಬರಿಸಿ, ಅದರ ಮೇಲೆ ಟಾರು ಹಾಕುವ ಕ್ರಮ ಕಂಡುಹಿಡಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಲ್ಲಿಗೂ ಟಾರಿಗೂ ನಡುವೆ ನೀರು ನುಸುಳದಂತೆ ತಡೆಯುವುದೇ ಅದರ ಜಾಣ್ಮೆ.

ಈಗ ನಾನು ಬಿದ್ದ ತಗ್ಗಿಗೆ ಬರುತ್ತೇನೆ. ಗಂಟೆಗೆ ಅರವತ್ತು ಕಿಲೋಮೀಟರು ವೇಗದ ಲಾರಿಯ ಚಕ್ರ ರಸ್ತೆಯ ಒಂದು ಬಿಂದುವನ್ನು ಒತ್ತುವುದು ಸೆಕೆಂಡಿನ ಐವತ್ತನೆಯ ಒಂದು ಪಾಲಿನಷ್ಟು ಹೊತ್ತು. ಅಷ್ಟರಲ್ಲಿ ಹರಿಯಲು ಟಾರಿಗೆ ಪುರಸೊತ್ತಿಲ್ಲ; ಅದು ಗಟ್ಟಿ ವಸ್ತುವಿನಂತೆಯೇ ಭಾರ ಹೊತ್ತು ಮತ್ತೆ ಮೊದಲಿನಂತಾಗುತ್ತದೆ. ಅದೇ ಲಾರಿ ಗೇಟಿನಲ್ಲಿ ಐದು ನಿಮಿಷ ನಿಂತರೆ ಒತ್ತುವ ಹೊತ್ತು ಹದಿನೈದು ಸಾವಿರ ಪಟ್ಟು. ನನ್ನ ಕಿಟಕಿಯ ಕಟ್ಟೆಯ ಉಂಡೆಗೆ ಸಿಕ್ಕಂತೆ ಇಲ್ಲಿ ಟಾರಿಗೆ ಬಿಡುವು ಸಿಕ್ಕಿತು. ಜೊತೆಗೆ ಮಧ್ಯಾಹ್ನದ ಬಿಸಿಲು. ಕಲ್ಲುಗಳ ನಡುವೆ ಟಾರು ಸರಿಯುತ್ತದೆ, ಕಲ್ಲುಗಳು ಒಂದರ ಮೇಲೊಂದು ಜಾರುತ್ತವೆ, ಚಕ್ರದ ಅಡಿಯಲ್ಲಿ ಇಳಿದದ್ದು ಪಕ್ಕದಲ್ಲಿ ದಿಣ್ಣೆಯಾಗಿ ಏಳುತ್ತದೆ. ಒಂದು ಲಾರಿಯಿಂದ ಆಗುವುದು ಕಣ್ಣಿಗೆ ಕಾಣದಷ್ಟು. ಆದರೆ ಹರಿದದ್ದು ಹಿಂದಕ್ಕೆ ಬರುವುದಿಲ್ಲ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನು ನಿಲ್ಲಿಸುವವರೆಗೆ ಅದಿರಿನ ಲಾರಿಗಳು ನಮ್ಮ ರಸ್ತೆಗಳಲ್ಲಿ ಹೇಗೆ ತುಂಬಿದ್ದುವೆಂಬುದು ಎಲ್ಲರಿಗೂ ಗೊತ್ತು. ಬಳ್ಳಾರಿಯ ಹೆದ್ದಾರಿ ಬೆಂಗಳೂರು–ಪುಣೆ ಹೆದ್ದಾರಿಯನ್ನು ಕೂಡುವ ಹಿರಿಯೂರಿನಂಥ ಊರಿನಲ್ಲಿ, ಬಸ್ಸು ನಿಲ್ಲುವಲ್ಲಿ, ಉಬ್ಬುಗಳ ಮುಂದೆ, ಸುಂಕದ ಕಟ್ಟೆಗಳಲ್ಲಿ ರಸ್ತೆ ಮೊದಲು ಕೆಡುವುದಕ್ಕೆ ಕಾರಣ ಇದೇ. ಟಾರು ಹೆಚ್ಚಾಗಿ ಸುರಿದಿದ್ದರೆ ಇನ್ನೂ ಕೇಡು. ಪದರದಲ್ಲಿ ನೂರಕ್ಕೆ ಮೂರರಿಂದ ಐದು ಪಾಲು ಗಾಳಿಯ ಜಾಗ ಉಳಿಯಬೇಕು, ಬಿಸಿಲಿನಲ್ಲಿ ಹಿಗ್ಗಿದ ಟಾರು ಅಲ್ಲಿಗೆ ಸರಿಯಲು. ಆ ಜಾಗವಿಲ್ಲದಿದ್ದರೆ ಅದು ಮೇಲಕ್ಕೆ ಒಸರಿ ಬಂದು, ಬೇಸಿಗೆಯಲ್ಲಿ ಚಪ್ಪಲಿ ಹಿಡಿದುಕೊಳ್ಳುತ್ತದೆ, ಮಳೆಯಲ್ಲಿ ಚಕ್ರ ಜಾರಿಸುತ್ತದೆ.

“ಹಾಗಾದರೆ ಎಲ್ಲ ಕಡೆ ಗಟ್ಟಿ ಟಾರನ್ನೇ ಹಾಕಿಬಿಡಬಾರದೇನಯ್ಯ?” ಎಂದು ಶಿಷ್ಯನನ್ನು ಕೇಳಿದೆ. “ಹಾಕಬಹುದು ಸಾರ್, ಹರಿಯದ್ದು ಬೇಗ ಬಿರಿಯುತ್ತದೆ. ಕೆಳಗಿನ ನೆಲ ಮೆತ್ತಗಿದ್ದು ರಸ್ತೆ ಬಾಗುವ ಕಡೆ ಬಾಗುವ ಟಾರೇ ಬೇಕು. ಲಾರಿ ನಿಲ್ಲುವ ಕಡೆಗೆ ಮಾತ್ರ ವಿಜಿ 40, ಇಲ್ಲವೆ ರಬ್ಬರೋ ಪಾಲಿಮರೋ ಬೆರೆಸಿದ ಟಾರು” ಎಂದ. ಹಾಗೆ ಜಾಗ ನೋಡಿ ಟಾರು ಆರಿಸುವುದಕ್ಕೆ ಹಣಕ್ಕಿಂತ ಹೆಚ್ಚಾಗಿ ಗಮನ ಬೇಕು. ಒಂದೇ ಟೆಂಡರು, ಒಂದೇ ದರ್ಜೆ, ಗೇಟಿನ ಮುಂದಿನ ಇನ್ನೂರು ಮೀಟರಿಗೂ ಹೊಲದ ನಡುವಿನ ಇಪ್ಪತ್ತು ಕಿಲೋಮೀಟರಿಗೂ ಒಂದೇ ಪಾಕ ಎಂಬ ರೂಢಿಯನ್ನು ನಾನು ಒಪ್ಪಲಾರೆ. ಅದಕ್ಕೆ ತೆತ್ತ ಬೆಲೆ ನನ್ನ ಮಣಿಕಟ್ಟು ಮಾತ್ರವಾಗಿದ್ದರೆ ನಾನು ಇಷ್ಟು ದೂರ ಬರುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಆ ಗೇಟಿನ ಎರಡು ಬದಿಯನ್ನೂ ಕಿತ್ತು, ಗಟ್ಟಿ ದರ್ಜೆಯ ಟಾರಿನಿಂದ ಹೊಸದಾಗಿ ಮಾಡಿದರು. ಕಳೆದ ಏಪ್ರಿಲಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಅಲ್ಲಿ ಗೇಟು ಬಿದ್ದಿತ್ತು. ನಾನು ಬಸ್ಸಿನಿಂದಿಳಿದು, ಲಾರಿಯ ಚಕ್ರದ ಪಕ್ಕದಲ್ಲಿ ರಸ್ತೆಗೆ ಅಡ್ಡವಾಗಿ ನನ್ನ ಕೊಡೆಯನ್ನು ಮಲಗಿಸಿ, ಬಾಗಿ ನೋಡಿದೆ. ಕೊಡೆಯ ಕೋಲಿಗೂ ರಸ್ತೆಗೂ ನಡುವೆ ಬೆರಳು ತೂರುವಷ್ಟು ಸಂದಿರಲಿಲ್ಲ. ಲಾರಿಯ ಕ್ಲೀನರ್ ಹುಡುಗ ಇಳಿದುಬಂದು, “ಏನು ಕಳಕೊಂಡ್ರಿ ಯಜಮಾನ್ರೆ?” ಎಂದು ಕೇಳಿ, ತಾನೂ ಬಾಗಿ ಹುಡುಕತೊಡಗಿದ.